ರೂಟಿಂಗ್ ಪೌಡರ್‌ನಿಂದ ಮುಚ್ಚಳದವರೆಗೆ: ಬೇಲಿ ಗಿಡ ಮಾಡುವ ಕಿಟ್‌ನಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು?

ಕಾಂಪೌಂಡ್ ಗೋಡೆಯ ಒಳಬದಿಗೆ ಮೂವತ್ತು ಅಡಿ ಉದ್ದಕ್ಕೆ ಹಳದಿ ಡುರಾಂಟ ಬೇಲಿ ಎಬ್ಬಿಸಬೇಕು ಅಂದರೆ ಒಂದೇ ಸಾಲಿಗೆ ಅಡಿಗೊಂದರಂತೆ 30 ಗಿಡ ಬೇಕು. ದಟ್ಟವಾಗಿರಲಿ ಅಂತ ಎರಡು ಸಾಲು ಮಾಡಿ, ಒಂದೂವರೆ ಅಡಿಗೊಂದರಂತೆ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ನೆಟ್ಟರೆ 40. ಕೆಲವು ಸಾಯುತ್ತವೆ ಅನ್ನುವ ಲೆಕ್ಕವೂ ಸೇರಿದರೆ 50 ಕೈಯಲ್ಲಿರಬೇಕು. ಇಷ್ಟನ್ನೂ ನರ್ಸರಿಯಿಂದ ತರಲು ಮನಸ್ಸು ಹಿಂಜರಿಯುವುದು ಸಹಜ. ಅದರಲ್ಲೂ ಎದುರು ಮನೆಯವರು ಅದೇ ಡುರಾಂಟ ಕತ್ತರಿಸಿ ಬುಟ್ಟಿಗಟ್ಟಲೆ ಕಡ್ಡಿಯನ್ನು ರಸ್ತೆ ಬದಿಗೆ ಸುರಿಯುತ್ತಿದ್ದರೆ ಇನ್ನೂ ಹೆಚ್ಚು. ಈ ಹಿಂಜರಿಕೆ ನಂಬಿಕೊಂಡೇ ಆನ್‌ಲೈನ್ ಅಂಗಡಿಗಳಲ್ಲಿ ‘ಪ್ರೊಪಗೇಶನ್ ಕಿಟ್’ ಅಂತ, ಕಡ್ಡಿಯಿಂದ ಗಿಡ ಮಾಡುವ ಪೆಟ್ಟಿಗೆಗಳು ಮಾರಾಟಕ್ಕಿವೆ: ಕಡ್ಡಿಗೆ ಬೇರು ಬರಿಸುವ ರೂಟಿಂಗ್ ಪೌಡರಿನ ಡಬ್ಬಿ, ಒಂದು ಕೋಕೊಪಿಟ್ (ತೆಂಗಿನ ಸಿಪ್ಪೆಯ ಪುಡಿ) ಇಟ್ಟಿಗೆ, ಗುಳಿ ಗುಳಿ ಟ್ರೇ, ಮೇಲೊಂದು ಪಾರದರ್ಶಕ ಮುಚ್ಚಳ, ಕೆಲವದರಲ್ಲಿ ಪುಟ್ಟ ಕತ್ತರಿ. ಬಿಡಿಯಾಗಿಯೂ ಸಿಗುತ್ತವೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಳ್ಳುವ ಪೌಡರ್, ನಮ್ಮ ಬೇಲಿ ಗಿಡಗಳಲ್ಲಿ ಎಷ್ಟಕ್ಕೋ ಬೇಕೇ ಇಲ್ಲ. ಯಾರೂ ಗಮನಿಸದ ಕೋಕೊಪಿಟ್ ಇಟ್ಟಿಗೆ ಕೈಕೊಟ್ಟರೆ ಮಾತ್ರ ಟ್ರೇಗೆ ಟ್ರೇಯೇ ಹೋಗುತ್ತದೆ.

ಪೌಡರ್

ಡಬ್ಬಿಯ ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ ಓದಿ. ಅಲ್ಲಿ ಐಬಿಎ, ಅಂದರೆ ಇಂಡೋಲ್ ಬ್ಯುಟಿರಿಕ್ ಆಸಿಡ್ ಅನ್ನುವ ಬೇರಿನ ಹಾರ್ಮೋನಿನ ಹೆಸರು ಇರಬೇಕು, ಪಕ್ಕದಲ್ಲಿ ಶೇಕಡಾವಾರು ಇರಬೇಕು. ಇದು ಹೊಸ ವಿದ್ಯೆಯೇನಲ್ಲ. ಐಬಿಎ ಕಡ್ಡಿಯಲ್ಲಿ ಬೇರು ಬರಿಸುತ್ತದೆ ಅನ್ನುವುದು 1935ರಿಂದ ಗೊತ್ತಿರುವ ಸಂಗತಿ. ಪೌಡರ್ ಅಂದರೆ ಟಾಲ್ಕ್‌ಗೆ ಚೂರೇ ಚೂರು ಐಬಿಎ ಬೆರೆಸಿದ್ದು. 0.1% ಅಂದರೆ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು), ಎಳೆ ಕುಡಿಗೆ. 0.3% ಅಂದರೆ 3000 ಪಿಪಿಎಂ, ಅರ್ಧ ಬಲಿತ ಕಡ್ಡಿಗೆ. 0.8% ಪೂರ್ತಿ ಬಲಿತ ಗಟ್ಟಿ ಕಡ್ಡಿಗೆ. ಒಂದೇ ಡಬ್ಬಿ ಕೊಳ್ಳುವುದಾದರೆ 0.3% ಕೊಳ್ಳಿ, ಬೇಲಿ ಗಿಡಗಳಲ್ಲಿ ನಾವು ಕತ್ತರಿಸುವುದು ಬಹುಪಾಲು ಅರ್ಧ ಬಲಿತ ಕಡ್ಡಿಯನ್ನೇ. ಶೇಕಡಾವಾರು ಬರೆಯದೆ ‘ಎಲ್ಲ ಗಿಡಗಳಿಗೂ’ ಅಂತಷ್ಟೇ ಇದ್ದರೆ ವಾಪಸ್ ಇಟ್ಟುಬಿಡಿ. ಎಷ್ಟು ಹಾಕುತ್ತಿದ್ದೀರಿ ಅನ್ನುವುದೇ ಗೊತ್ತಾಗದ ಔಷಧಿ ಅದು.

ಜಾಸ್ತಿ ಹಾಕಿದರೆ ಜಾಸ್ತಿ ಬೇರು ಅನ್ನುವ ನಂಬಿಕೆಯಿಂದ ಆಗುವ ನಷ್ಟ ಸಣ್ಣದಲ್ಲ. ಎಳೆ ಕುಡಿಗೆ 0.8% ಹಚ್ಚಿದರೆ ಹತ್ತು ದಿನದೊಳಗೆ ಬುಡ ಕಪ್ಪಾಗುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ. ಇನ್ನು ಕೆಲವು ಕಡ್ಡಿಗಳಲ್ಲಿ ಬುಡ ಊದಿಕೊಂಡು ಬಿಳಿ ಗಂಟು ಕಟ್ಟುತ್ತದೆ, ಬೇರು ಮಾತ್ರ ಇಣುಕುವುದಿಲ್ಲ. ಆ ಗಂಟೇ ಕ್ಯಾಲಸ್. ಅದು ಗಾಯ ಮಾಯುವ ಲಕ್ಷಣ ಅಷ್ಟೆ, ಬೇರಿನ ಖಾತರಿ ಅಲ್ಲ.

ಇನ್ನೊಂದು ಮೋಸ ಹೋಗುವ ಜಾಗ: ಹ್ಯೂಮಿಕ್ ಆಸಿಡ್, ಸಮುದ್ರ ಪಾಚಿಯ ರಸ, ಮೈಕೊರೈಝಾ ಇವನ್ನೆಲ್ಲ ‘ರೂಟ್ ಬೂಸ್ಟರ್’ ಅನ್ನುವ ಹೆಸರಲ್ಲಿ, ಅದೇ ಸೈಜಿನ ಡಬ್ಬಿಯಲ್ಲಿ ಮಾರುತ್ತಾರೆ. ಇವೆಲ್ಲ ಬೇರಿರುವ ಗಿಡಕ್ಕೆ. ಮೈಕೊರೈಝಾ ಅನ್ನುವ ಉಪಕಾರಿ ಶಿಲೀಂಧ್ರ ಬದುಕುವುದೇ ಬೇರಿನೊಳಗೆ, ಬೇರಿಲ್ಲದ ಕಡ್ಡಿಯಲ್ಲಿ ಅದಕ್ಕೇನು ಕೆಲಸ? ಸಸಿಯನ್ನು ನೆಲಕ್ಕೆ ನೆಡುವಾಗ ಹಾಕಿದರೆ ಉಪಯೋಗವಿದೆ. ಹಾಗೆಯೇ ಗೊಬ್ಬರದಂಗಡಿಯವರು ‘ಇದೂ ಹಾರ್ಮೋನೇ’ ಅಂತ ಕೊಡುವ ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಸಿಡ್) 4.5% ದ್ರಾವಣ ಹೂವು ಕಾಯಿ ಉದುರದಂತೆ ಹೊಡೆಯಲಿಕ್ಕೆ ಇರುವಂಥದ್ದು. 4.5% ಅಂದರೆ 45,000 ಪಿಪಿಎಂ. ನೀರು ಬೆರೆಸದೆ ಕಡ್ಡಿ ಅದ್ದಿದರೆ ಬುಡ ಸುಟ್ಟಂತೆಯೇ.

ಇನ್ನು ಮನೆಮದ್ದುಗಳು. ಚಕ್ಕೆ ಪುಡಿಗೆ ಶಿಲೀಂಧ್ರ ತಡೆಯುವ ಗುಣ ಸ್ವಲ್ಪ ಇದೆ, ಬೇರು ಬರಿಸುವ ಗುಣವಿಲ್ಲ. ಜೇನುತುಪ್ಪ ಇರುವೆಗೆ ಔತಣ. ಎಳನೀರಿನಲ್ಲಿ ಸೈಟೊಕೈನಿನ್ ಇದೆ. ಅದು ಚಿಗುರಿನ ಹಾರ್ಮೋನ್, ಬೇರಿಗೆ ಅಡ್ಡಗಾಲೇ ಹಾಕುವಂಥದ್ದು. ಎಳನೀರನ್ನು ಕುಡಿದುಬಿಡಿ.

ಪೌಡರ್ ಯಾವುದಕ್ಕೆ ಬೇಡ? ಹಳದಿ ಡುರಾಂಟ, ಅಕಾಲಿಫ, ನಾಡ ಕೆಂಪು ದಾಸವಾಳ, ಮದರಂಗಿ, ಲಕ್ಕಿ, ಆಡುಸೋಗೆ ಇವೆಲ್ಲ ಮಳೆಗಾಲದಲ್ಲಿ ಸುಮ್ಮನೆ ಚುಚ್ಚಿದರೂ ಹಿಡಿಯುವ ಜಾತಿ. ಪೌಡರ್ ಹಚ್ಚಿದರೆ ಬೇರು ಕೆಲವು ದಿನ ಬೇಗ ಬಂದೀತು, ನಾಲ್ಕು ಎಳೆ ಹೆಚ್ಚಿದ್ದೀತು, ಅಷ್ಟೆ. ಕೇಪಳಕ್ಕೆ (ನರ್ಸರಿಯಲ್ಲಿ ಇಕ್ಸೋರ ಅನ್ನಿ), ಬೋಗನ್‌ವಿಲ್ಲಾಕ್ಕೆ, ದೊಡ್ಡ ಹೂವಿನ ಹೈಬ್ರಿಡ್ ದಾಸವಾಳಕ್ಕೆ ಖಂಡಿತ ಬೇಕು. ಕಾಮಿನಿಯ ಕಡ್ಡಿ ಪೌಡರ್ ಹಚ್ಚಿದರೂ ಸತಾಯಿಸುತ್ತದೆ. ಅದಕ್ಕೆ ಬೀಜವೇ ಸರಿ. ಕೆಂಪಾಗಿ ಹಣ್ಣಾದ ಕಾಯಿ ಕಿತ್ತು, ತಿರುಳು ತೊಳೆದು, ಒಣಗಲು ಬಿಡದೆ ಬಿತ್ತಬೇಕು. ಹಳೆ ಬೀಜ ಮೊಳೆಯುವುದಿಲ್ಲ. ಮನೆಯಲ್ಲಿ ನಿಂಬೆ, ಮೋಸಂಬಿ ಇದ್ದರೆ ಕಾಮಿನಿ ಬೇಲಿಯೇ ಬೇಡ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಕೀಟಕ್ಕೆ ಅದು ತವರುಮನೆ.

ಬಳಸುವ ರೀತಿಯಲ್ಲಿ ಡಬ್ಬಿಯ ಮೇಲಿನ ಚಿತ್ರವೇ ಎಷ್ಟೋ ಕಡೆ ತಪ್ಪು. ಕಡ್ಡಿಯನ್ನು ನೇರ ಡಬ್ಬಿಗೇ ಅದ್ದುವಂತೆ ತೋರಿಸಿರುತ್ತಾರೆ. ಹಾಗೆ ಮಾಡಿದರೆ ತೇವ, ಗಿಡದ ರಸ, ಶಿಲೀಂಧ್ರ ಎಲ್ಲ ಡಬ್ಬಿಯೊಳಗೇ ಸೇರಿ ಪೌಡರ್ ಹೆಪ್ಪುಗಟ್ಟುತ್ತದೆ. ಬಾಟಲಿ ಮುಚ್ಚಳಕ್ಕೆ ಒಂದು ಚಿಟಿಕೆ ಸುರಿದುಕೊಳ್ಳಿ, ಉಳಿದದ್ದನ್ನು ಎಸೆಯಿರಿ, ಡಬ್ಬಿಗೆ ವಾಪಸ್ ಹಾಕಬೇಡಿ. ಕಡ್ಡಿಯ ಬುಡವನ್ನು ನೀರಿಗೆ ಮುಟ್ಟಿಸಿ, ಕೊಡವಿ, ಕೆಳಗಿನ ಒಂದು ಸೆಂಟಿಮೀಟರಿಗೆ ಮಾತ್ರ ಪೌಡರ್ ತಾಗಿಸಿ, ಮುಚ್ಚಳದ ಅಂಚಿಗೆ ತಟ್ಟಿ. ನೋಡಿದರೆ ಬುಡದಲ್ಲಿ ತೆಳು ಬಿಳಿ ಪೊರೆಯಷ್ಟೇ ಕಾಣಬೇಕು, ಹಿಟ್ಟು ಮೆತ್ತಿದ ಬಜ್ಜಿಯಂತಲ್ಲ. ಟ್ರೇಯಲ್ಲಿ ಪೆನ್ಸಿಲ್‌ನಿಂದ ಮೊದಲೇ ತೂತು ಮಾಡಿ, ಆಮೇಲೆ ಕಡ್ಡಿ ಇಳಿಸಿ. ನೇರ ಚುಚ್ಚಿದರೆ ಪೌಡರ್ ಎಲ್ಲ ಮೇಲೆಯೇ ಉಜ್ಜಿಹೋಗಿ ಬರಿ ಕಡ್ಡಿ ಕೆಳಗಿಳಿಯುತ್ತದೆ. ಡಬ್ಬಿಯನ್ನು ಬಿಸಿಲು, ಬಿಸಿ ತಾಗದಂತೆ ಗಾಳಿಯಾಡದ ಡಬ್ಬದೊಳಗೆ ಹಾಕಿ ಫ್ರಿಜ್‌ನಲ್ಲಿಡಿ, ಮಕ್ಕಳ ಕೈಗೆ ಸಿಗದಂತೆ ಹೆಸರು ಬರೆದು.

ನೂರಾರು ಕಡ್ಡಿ ಮಾಡುವವರು ಶುದ್ಧ ಐಬಿಎ ತರಿಸಿ ದ್ರಾವಣ ಮಾಡಿಕೊಳ್ಳಬಹುದು. 3000 ಪಿಪಿಎಂಗೆ 100 ಮಿಲಿಗೆ 300 ಮಿಲಿಗ್ರಾಂ. ಐಬಿಎ ನೀರಿನಲ್ಲಿ ಕರಗುವುದಿಲ್ಲ. ಮೊದಲು 50 ಮಿಲಿ ಆಲ್ಕೋಹಾಲ್‌ನಲ್ಲಿ ಕರಗಿಸಿ, ಆಮೇಲೆ ಶುದ್ಧ ನೀರು ಸೇರಿಸಿ 100ಕ್ಕೆ ತರಬೇಕು. ಕಡ್ಡಿ ಅದ್ದುವುದು ಐದೇ ಸೆಕೆಂಡು. ನೀರಿನಲ್ಲೇ ಕರಗುವ ಪೊಟ್ಯಾಸಿಯಂ ಲವಣದ ರೂಪವೂ ಇದೆ, ದರ ಹೆಚ್ಚು. ಮಿಲಿಗ್ರಾಂ ತೂಗುವ ತಕ್ಕಡಿ ಇಲ್ಲದವರು ಈ ದಾರಿಗೆ ಹೋಗಬೇಡಿ. ಚಮಚದ ಅಂದಾಜಿನಲ್ಲಿ ಮಾಡುವ ಕೆಲಸ ಅಲ್ಲ ಇದು.

ಕೋಕೊಪಿಟ್ ಇಟ್ಟಿಗೆ

650 ಗ್ರಾಂ ಇಟ್ಟಿಗೆಗೆ ನಾಲ್ಕು ಲೀಟರಿನಷ್ಟು ನೀರು ಹಾಕಿದರೆ ಎಂಟೊಂಬತ್ತು ಲೀಟರ್ ಪುಡಿ ಆಗುತ್ತದೆ. 50 ಕಡ್ಡಿಗೆ ಮರಳು ಬೆರೆಸಿಕೊಂಡರೆ ಸಾಕು. ಐದು ಕೆಜಿ ಬ್ಲಾಕ್ ಲೆಕ್ಕಕ್ಕೆ ಅಗ್ಗ, ಆದರೆ ಅದನ್ನು ಒಡೆಯಲು ಮಚ್ಚು ಬೇಕು, ಉಬ್ಬಿದ್ದನ್ನು ಇಡಲು ಜಾಗ ಬೇಕು.

ಇದರಲ್ಲಿ ನೋಡಬೇಕಾದ್ದು ಉಪ್ಪಿನ ಅಂಶ. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಹಜವಾಗಿಯೇ ಹೆಚ್ಚು. ಕರಾವಳಿಯ ಉಪ್ಪು ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಇನ್ನೂ ಹೆಚ್ಚು. ‘ಲೋ ಇಸಿ’ (ಇಸಿ ಅಂದರೆ ವಿದ್ಯುತ್ ವಾಹಕತೆ, ಉಪ್ಪಿನ ಅಳತೆ) ಅಂತ ಬರೆದ ಇಟ್ಟಿಗೆ ತೊಳೆದದ್ದು, ಏನೂ ಬರೆಯದ್ದು ಬಹುಶಃ ತೊಳೆಯದ್ದು. ಎರಡಕ್ಕೂ ದರದಲ್ಲಿ ವ್ಯತ್ಯಾಸವಿದೆ, ಮತ್ತು ಇಲ್ಲಿ ಹೆಚ್ಚಿನ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಉಪ್ಪು ಹೆಚ್ಚಿದ್ದರೆ ಕಡ್ಡಿ ನೀರು ಎಳೆದುಕೊಳ್ಳಲಾರದು. ಸುತ್ತಲೂ ಒದ್ದೆ ಇದ್ದರೂ ಎಲೆ ಬಾಡುತ್ತದೆ, ಅಂಚು ಕಂದಾಗುತ್ತದೆ. ನೀರು ಸಾಲದು ಅಂದುಕೊಂಡು ಮತ್ತೆ ನೀರು ಹಾಕುತ್ತೇವೆ, ಬುಡ ಕೊಳೆಯುತ್ತದೆ, ಕೊನೆಗೆ ಬೈಸಿಕೊಳ್ಳುವುದು ಪೌಡರ್.

ಪರೀಕ್ಷೆಗೆ ನೀರಿನ ಫಿಲ್ಟರ್ ನೋಡಲು ಬಳಸುವ ಟಿಡಿಎಸ್ ಮೀಟರ್ ಸಾಕು. ಫಿಲ್ಟರ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಬರೆದುಕೊಳ್ಳಿ, ಅದರಲ್ಲಿ ಒಂದು ಹಿಡಿ ಕೋಕೊಪಿಟ್ ಅರ್ಧ ಗಂಟೆ ನೆನೆಸಿ ಹಿಂಡಿ, ಹಿಂಡಿದ ನೀರನ್ನು ಅಳೆಯಿರಿ. ಮೊದಲಿನದಕ್ಕಿಂತ ಮುನ್ನೂರು ನಾನೂರಕ್ಕೂ ಹೆಚ್ಚು ಏರಿದ್ದರೆ ತೊಳೆಯಬೇಕು. ಮೀಟರ್ ಇಲ್ಲದವರು ಹಳೆ ಪಂಚೆಯಲ್ಲಿ ಕಟ್ಟಿ ಮೂರು ಬಾರಿ ನೆನೆಸಿ ಹಿಂಡಲಿ. ಮೊದಲ ನೀರು ಕಾಫಿ ಡಿಕಾಕ್ಷನ್ನಿನಂತಿದ್ದು, ಮೂರನೆಯದು ತಿಳಿ ಚಹಾದ ಬಣ್ಣಕ್ಕೆ ಬಂದರೆ ಸಾಕು. ತರಕಾರಿ ಸಸಿಗೆ ಕೋಕೊಪಿಟ್ ಬೇಕಾದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಫರ್ಮೆಂಟೆಡ್ ಕೋಕೊಪಿಟ್’ ಒಳ್ಳೆಯ ದಾರಿ. ಬರಿ ಕಡ್ಡಿಗೆ ತೊಳೆದ ಸಾದಾ ಇಟ್ಟಿಗೆಯೇ ಸಾಕು.

ಕಿಟ್‌ನವರು ಬರೀ ಕೋಕೊಪಿಟ್‌ನಲ್ಲೇ ಕಡ್ಡಿ ಇಡಿ ಅನ್ನುತ್ತಾರೆ. ಬೇಸಿಗೆಯಲ್ಲಿ ನಡೆದೀತು. ಆರಿದ್ರಾ ಪುನರ್ವಸು ಮಳೆ ಹಿಡಿದ ದಿನಗಳಲ್ಲಿ ಅದು ಒದ್ದೆ ಸ್ಪಂಜಿನಂತೆ ಕೂತುಬಿಡುತ್ತದೆ, ಬುಡಕ್ಕೆ ಗಾಳಿ ಸಿಗುವುದಿಲ್ಲ. ಸಮಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಬೆರೆಸಿ. ಎಂ-ಸ್ಯಾಂಡ್ ಆದರೆ ಬಕೆಟ್‌ನಲ್ಲಿ ಹಾಕಿ, ಬೂದು ನೀರು ಹೋಗುವವರೆಗೆ ತೊಳೆದು ಬಳಸಿ. ಆ ಸಣ್ಣ ಧೂಳು ಸಿಮೆಂಟಿನಂತೆ ಸಂದಿ ಮುಚ್ಚುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಎರಡು ಮೂರು ಹನಿ ಬೀಳಬೇಕು, ಧಾರೆ ಹರಿದರೆ ನೀರು ಜಾಸ್ತಿಯಾಯಿತು. ಎರೆಗೊಬ್ಬರ, ಸಗಣಿ ಗೊಬ್ಬರ ಈ ಹಂತದಲ್ಲಿ ಒಂದು ಚಮಚವೂ ಬೇಡ. ಬೇರಿಲ್ಲದ ಕಡ್ಡಿ ಗೊಬ್ಬರ ತಿನ್ನುವುದಿಲ್ಲ, ತಿನ್ನುವುದು ಶಿಲೀಂಧ್ರ ಮತ್ತು ಸಣ್ಣ ಕಪ್ಪು ನೊಣದ ಮರಿಗಳು. ಕೊಳೆಯ ಭಯವಿದ್ದರೆ ಕಡ್ಡಿಯನ್ನು ಲೀಟರಿಗೆ ಒಂದು ಗ್ರಾಂ ಕಾರ್ಬೆಂಡಜಿಂ (ಶಿಲೀಂಧ್ರನಾಶಕ) ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಕೈಗವಸು ಹಾಕಿಕೊಂಡು. ಅಥವಾ ಮಿಶ್ರಣಕ್ಕೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಹಾಕಿ. ಎರಡನ್ನೂ ಮಾಡಿದರೆ ಮೊದಲನೆಯದು ಎರಡನೆಯದನ್ನು ಕೊಲ್ಲುತ್ತದೆ.

ಟ್ರೇ, ಮುಚ್ಚಳ

ಎಷ್ಟೋ ಕಿಟ್‌ಗಳ ಟ್ರೇ ಬೀಜಕ್ಕೆಂದು ಮಾಡಿದ್ದು, ಕಡ್ಡಿಗಲ್ಲ. 98 ಗುಳಿಯ ಪ್ರೋಟ್ರೇ ಟೊಮೆಟೊ ಸಸಿಗೆ ಹೇಳಿಮಾಡಿಸಿದ್ದು. ಐದಿಂಚಿನ ಡುರಾಂಟ ಕಡ್ಡಿಯನ್ನು ಅದರಲ್ಲಿ ಇಟ್ಟರೆ ಬುಡ ತಳಕ್ಕೆ ತಾಗುತ್ತದೆ, ಎರಡು ದಿನ ನೀರು ಮರೆತರೆ ಮುಗಿಯಿತು. ದೊಡ್ಡ ಗುಳಿಯ 50ರ ಟ್ರೇ ಆದರೆ ಪರವಾಗಿಲ್ಲ. ಅದಕ್ಕಿಂತ ಚೆನ್ನಾಗಿರುವುದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್. ತೊಳೆದು, ತಳದಲ್ಲಿ ನಾಲ್ಕು ತೂತು ಮಾಡಿ, ಪ್ಯಾಕೆಟ್ಟಿಗೊಂದು ಕಡ್ಡಿ. ಬೇರು ಬಂದ ಮೇಲೆ ಬೇರೆ ಕಡೆಗೆ ಬದಲಿಸುವ ಅವಸರವೂ ಇರುವುದಿಲ್ಲ. ಕಡ್ಡಿ ಬಹಳ ಇದ್ದರೆ ತಳದಲ್ಲಿ ತೂತು ಮಾಡಿದ ಹಣ್ಣಿನ ಕ್ರೇಟಿನಲ್ಲೋ ಹಳೆ ಟಬ್ಬಿನಲ್ಲೋ ಎರಡಿಂಚು ಅಂತರಕ್ಕೆ ಸಾಲಾಗಿ ಇಡಬಹುದು, ಬೇರು ಒಂದಕ್ಕೊಂದು ಹೆಣೆಯುವ ಮುಂಚೆ ಕಿತ್ತರಾಯಿತು.

ಮುಚ್ಚಳದ ತತ್ವ ಸರಿ, ಅಳತೆ ತಪ್ಪು. ಬೇರಿಲ್ಲದ ಕಡ್ಡಿ ಎಲೆಯಿಂದ ನೀರು ಕಳೆದುಕೊಳ್ಳುತ್ತದೆ, ಕೆಳಗಿನಿಂದ ತುಂಬಿಕೊಳ್ಳಲಾರದು. ಆದ್ದರಿಂದ ಸುತ್ತಲ ಗಾಳಿ ತೇವವಾಗಿರಬೇಕು. ಕಿಟ್‌ನ ಮುಚ್ಚಳ ಎರಡು ಮೂರು ಇಂಚು ಎತ್ತರ, ಕಡ್ಡಿಯ ತಲೆಯೇ ಅದಕ್ಕೆ ತಾಗುತ್ತದೆ, ತಾಗಿದ ಎಲೆ ಕೊಳೆಯುತ್ತದೆ. ಬಿದಿರು ಕಡ್ಡಿ ಬಗ್ಗಿಸಿ ಅದರ ಮೇಲೆ ಪಾರದರ್ಶಕ ಪಾಲಿಥಿನ್ ಹೊದಿಸಿದ ಪುಟ್ಟ ಡೇರೆ ಇದಕ್ಕಿಂತ ಸಾವಿರ ಪಾಲು ಮೇಲು. ಡೇರೆಯ ಮೇಲೆ 50% ಶೇಡ್‌ನೆಟ್ ಇರಲಿ, ಅಥವಾ ಮನೆಯ ಉತ್ತರ ಬದಿಯ ಬೆಳಕಿರುವ ನೆರಳು. ನೇರ ಬಿಸಿಲಿಗೆ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಕಡ್ಡಿ ಬೆಂದಿರುತ್ತದೆ. ದಿನಕ್ಕೊಮ್ಮೆ ಹತ್ತು ನಿಮಿಷ ತೆರೆದು ಗಾಳಿಯಾಡಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳವೂ ಬೇಡ, ಡೇರೆಯೂ ಬೇಡ, ಮಳೆಹನಿ ನೇರ ಬೀಳದ ಜಗಲಿಯ ಅಂಚು ಸಾಕು. ವಿಜಯಪುರ, ಕಲಬುರಗಿ ಕಡೆಯ ಏಪ್ರಿಲ್ ಮೇ ತಿಂಗಳಲ್ಲಿ ಯಾವ ಕಿಟ್ ತಂದರೂ ಕೈಸುಟ್ಟುಕೊಳ್ಳುವುದೇ. ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಮಾಡಿ. ಬೆಂಗಳೂರು ಮೈಸೂರಿನವರಿಗೆ ಫೆಬ್ರವರಿಯಲ್ಲೂ ಒಂದು ಅವಕಾಶವಿದೆ.

ಕತ್ತರಿಯ ವಿಷಯ ಚುಟುಕಾಗಿ: ಕಿಟ್‌ನ ಕತ್ತರಿ ಎಸೆಯಿರಿ. ಎರಡು ಅಲಗು ಒಂದನ್ನೊಂದು ದಾಟಿಹೋಗುವ ಬೈಪಾಸ್ ಸಿಕೇಚರ್ ಕೊಳ್ಳಿ. ಅಲಗು ಚಪ್ಪಟೆ ಪಟ್ಟಿಯ ಮೇಲೆ ಕೂರುವ ಅನ್ವಿಲ್ ಮಾದರಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದ ಬುಡ ಮೊದಲು ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗಿಗೆ ಸ್ಪಿರಿಟ್ ಒರೆಸಿ.

ಕಡ್ಡಿ

ಇದು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಡುರಾಂಟಕ್ಕೆ ಪೆನ್ಸಿಲಿಗಿಂತ ತೆಳುವಾದ, ಬಗ್ಗಿಸಿದರೆ ಬಳುಕಿ ಆಮೇಲೆ ಟಕ್ ಅನ್ನುವ ಕಡ್ಡಿ, 10ರಿಂದ 12 ಸೆಂಟಿಮೀಟರ್, ಮೂರು ಗೆಣ್ಣು. ಬೆಳಿಗ್ಗೆ ಬಿಸಿಲೇರುವ ಮುಂಚೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ. ಕೆಳಗಿನ ಕತ್ತರಿ ಗೆಣ್ಣಿನ ಕೆಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಬೀಳಲಿ, ಬೇರು ಹೆಚ್ಚಾಗಿ ಹೊರಡುವುದು ಅಲ್ಲಿಂದಲೇ. ಮೇಲೆ ಎರಡೆಲೆ ಬಿಟ್ಟು ಉಳಿದದ್ದು ತೆಗೆಯಿರಿ. ಮೂರರಿಂದ ನಾಲ್ಕು ವಾರದಲ್ಲಿ ಹಿಡಿಯುತ್ತದೆ. ಹಳದಿ ಡುರಾಂಟದಲ್ಲಿ ಕೆಲವು ಕೊಂಬೆ ಹಸಿರಿಗೆ ಮರಳುತ್ತವೆ, ಅವೇ ಜೋರಾಗಿ ಬೆಳೆಯುವುದರಿಂದ ಕೈ ಅತ್ತಲೇ ಹೋಗುತ್ತದೆ. ಅದರಿಂದ ಕಡ್ಡಿ ತೆಗೆದರೆ ಬೇಲಿಯ ನಡುವೆ ಹಸಿರು ತೇಪೆ ಹಾಕಿದಂತಾಗುತ್ತದೆ.

ಕೇಪಳಕ್ಕೆ ತಾಳ್ಮೆ ಬೇಕು. ಹೂವಿಲ್ಲದ ಕೊಂಬೆಯ ತುದಿ, 10ರಿಂದ 15 ಸೆಂಟಿಮೀಟರ್, 0.3% ಪೌಡರ್, ಆರರಿಂದ ಎಂಟು ವಾರ. ಎಲೆ ದೊಡ್ಡದಾದರೆ ಅರ್ಧಕ್ಕೆ ಕತ್ತರಿಸಿ. ಇದಕ್ಕೆ ಹುಳಿ ಮಣ್ಣು ಇಷ್ಟ. ಬೋರ್‌ವೆಲ್‌ನ ಗಡಸು ನೀರು ಸತತವಾಗಿ ಹಾಕಿದರೆ ನರ ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕದ ಸ್ಥಿತಿ ಅದು. ಮಳೆನೀರು ಹಿಡಿದಿಟ್ಟು ಬಳಸಿ.

ಬೋಗನ್‌ವಿಲ್ಲಾಕ್ಕೆ ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, 15ರಿಂದ 20 ಸೆಂಟಿಮೀಟರ್, ಎಲೆ ಬೇಡ. ಇದಕ್ಕೆ ಮಿಶ್ರಣದಲ್ಲಿ ಮರಳು ಹೆಚ್ಚಿರಲಿ, ನೀರು ಕಡಿಮೆ. ‘ಪೌಡರ್ ಕೆಲಸ ಮಾಡಲಿಲ್ಲ’ ಅನ್ನುವ ದೂರುಗಳಲ್ಲಿ ಬಹಳಷ್ಟರ ಮೂಲ ಇಲ್ಲಿದೆ. ಎರಡನೇ ವಾರಕ್ಕೇ ಗೆಣ್ಣಿನಿಂದ ಹಸಿರು ಚಿಗುರು ಒಡೆಯುತ್ತದೆ, ಎರಡೆಲೆ ಬಿಚ್ಚುತ್ತದೆ. ಹಿಡಿಯಿತು ಅಂತ ಸಂಭ್ರಮದಿಂದ ಎತ್ತಿ ಬಿಸಿಲಿಗಿಡುತ್ತಾರೆ. ಮೂರು ದಿನಕ್ಕೆ ಚಿಗುರು ಜೋತುಬೀಳುತ್ತದೆ. ಆ ಚಿಗುರು ಬಂದದ್ದು ಕಡ್ಡಿಯೊಳಗೆ ಕೂಡಿಟ್ಟ ಬುತ್ತಿಯಿಂದ, ಕೆಳಗೆ ಬೇರು ಇನ್ನೂ ಶುರುವೇ ಆಗಿರುವುದಿಲ್ಲ. ಚಿಗುರು ನೋಡಬೇಡಿ, ಪ್ಯಾಕೆಟ್ಟಿನ ತೂತಿನಲ್ಲಿ ಬಿಳಿ ಬೇರು ಇಣುಕುವುದನ್ನು ಕಾಯಿರಿ. ಕಡ್ಡಿಯನ್ನು ಎರಡು ಬೆರಳಲ್ಲಿ ಹಗುರಾಗಿ ಎಳೆದರೆ ಬಿಗಿ ಹಿಡಿದಿರಬೇಕು. ದಿನಕ್ಕೊಮ್ಮೆ ಎಳೆದು ನೋಡುವ ಚಟ ಬೇಡ, ಹುಟ್ಟಿದ ಎರಡೆಳೆ ಬೇರೂ ಅದರಲ್ಲೇ ಕಿತ್ತುಹೋಗುತ್ತದೆ.

ಬೇರು ಎರಡು ಮೂರು ಸೆಂಟಿಮೀಟರ್ ಆದ ಮೇಲೆ ಡೇರೆಯನ್ನು ಒಂದು ವಾರದಲ್ಲಿ ದಿನದಿನಕ್ಕೆ ಹೆಚ್ಚು ಹೆಚ್ಚು ಹೊತ್ತು ತೆರೆದಿಟ್ಟು ಗಾಳಿಗೆ ಒಗ್ಗಿಸಿ. ಹಾಲಿನ ಪ್ಯಾಕೆಟ್ಟಿನಲ್ಲಿರುವವನ್ನು ಅಲ್ಲೇ ಬಿಟ್ಟು, ಟ್ರೇ ಟಬ್ಬಿನವನ್ನು 5x7 ಇಂಚಿನ ಪಾಲಿ ಬ್ಯಾಗಿಗೆ ಬದಲಿಸಿ: ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಕಳಿತ ಗೊಬ್ಬರ ಒಂದು. ಮೈಕೊರೈಝಾ ಕೊಂಡಿದ್ದರೆ ಈಗ ಅದರ ಸರದಿ. ಆರೆಂಟು ವಾರಕ್ಕೆ ನೆಲಕ್ಕೆ ಹೋಗಲು ಸಿದ್ಧ.

ಇಷ್ಟಾದ ಮೇಲೂ ಕಿಟ್ ಬೇಕೇ ಅಂದರೆ, ಒಟ್ಟು ಪೆಟ್ಟಿಗೆ ಬೇಡ. ಕೇಪಳ, ಬೋಗನ್‌ವಿಲ್ಲಾದವರು 0.3% ಪೌಡರಿನ ಅತಿ ಚಿಕ್ಕ ಡಬ್ಬಿ, ಲೋ ಇಸಿ ಇಟ್ಟಿಗೆ ಒಂದು, ಬೈಪಾಸ್ ಸಿಕೇಚರ್ ಒಂದು ಬಿಡಿಯಾಗಿ ತರಿಸಲಿ. ಡುರಾಂಟದವರಿಗೆ ಡಬ್ಬಿಯೂ ಬೇಡ. ಆನ್‌ಲೈನ್‌ನಲ್ಲಿ ‘50 ಹೆಡ್ಜ್ ಕಟಿಂಗ್’ ಅಂತ ಬೇರಿಲ್ಲದ ಕಡ್ಡಿಯ ಕಟ್ಟನ್ನೇ ಮಾರುವವರೂ ಇದ್ದಾರೆ. ನಾಲ್ಕು ದಿನ ಕೊರಿಯರ್ ಚೀಲದಲ್ಲಿ ಬೆವರಿ ಬಂದ ಎಳೆ ಕಡ್ಡಿಗೆ ಯಾವ ಪೌಡರೂ ಜೀವ ಕೊಡಲಾರದು. ಎಲೆ ತೆಗೆದ ಬೋಗನ್‌ವಿಲ್ಲಾ ಕಡ್ಡಿಯಾದರೆ ತಡೆದುಕೊಂಡೀತು, ಡುರಾಂಟ ಅಕಾಲಿಫ ತಡೆಯುವುದಿಲ್ಲ. ಅದರ ಬದಲು ಎದುರು ಮನೆಯವರನ್ನು, ಬೇಲಿ ಕತ್ತರಿಸುವುದು ಯಾವತ್ತು ಅಂತ ಒಂದು ಮಾತು ಕೇಳಿಟ್ಟುಕೊಳ್ಳಿ.